ಕೆಲವು ತಿಂಗಳುಗಳ ಚರಿತ್ರೆ

ರಾಮದುರ್ಗ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದದ್ದು 1948ರ ಮಾರ್ಚ್ 8ರಂದು. ನಮ್ಮ ಕಡೆಯ ಹಿರಿಯರಿಗೆ ಆ ವರ್ಷವೆಂದರೆ ಭಾವೆ ರಾಜರ ಆಳ್ವಿಕೆ ಮುಗಿದ ವರ್ಷ. ಸುರೇಬಾನದಲ್ಲಿ ಔಷಧ ಅಂಗಡಿ ಇಟ್ಟು ತಲೆ ನರೆಸಿಕೊಂಡ ನನಗೆ ಅದೇ ವರ್ಷದ ಇನ್ನೊಂದು ತಾರೀಖೂ ಮುಖ್ಯ. ಜೂನ್ 3ರಂದು ಬಾಸ್ಟನ್ನಿನ ಒಂದು ವೈದ್ಯಪತ್ರಿಕೆಯಲ್ಲಿ ಸಿಡ್ನಿ ಫಾರ್ಬರ್ ಮತ್ತವನ ಜೊತೆಗಾರರು ತೀವ್ರ ರಕ್ತ ಕ್ಯಾನ್ಸರ್ ಆಗಿದ್ದ 16 ಮಕ್ಕಳಿಗೆ ಅಮೈನಾಪ್ಟೆರಿನ್ ಎಂಬ ಔಷಧ ಕೊಟ್ಟ ವರದಿ ಪ್ರಕಟಿಸಿದರು. 10 ಮಕ್ಕಳು ಚೇತರಿಸಿಕೊಂಡರು. ಊದಿದ ಗುಲ್ಮ ಇಳಿಯಿತು, ಜ್ವರ ಬಿಟ್ಟಿತು, ಹಾಸಿಗೆ ಹಿಡಿದವರು ಎದ್ದು ಓಡಾಡಿದರು. ಕೆಲವು ತಿಂಗಳು ಕಳೆದ ಮೇಲೆ ರೋಗ ತಿರುಗಿ ಬಂತು. ಇದನ್ನು ಫಾರ್ಬರ್ ಮುಚ್ಚಿಡಲಿಲ್ಲ. ಲೇಖನದ ತಲೆಬರಹದಲ್ಲೇ ಇದು ತಾತ್ಕಾಲಿಕ ಎಂದು ಬರೆದ.

ಕ್ಯಾನ್ಸರ್ ಔಷಧಗಳ ಕತೆ ಹೇಳುವವರು ಈ ಪ್ರಸಂಗವನ್ನು ಒಂದು ಮೆಟ್ಟಿಲು ಮಾಡಿಕೊಂಡು ಬೇಗ ದಾಟಿಬಿಡುತ್ತಾರೆ. ಮೇಲೆ ಹೋಗಿ ಮಕ್ಕಳು ಪೂರ್ತಿ ಗುಣವಾದ ಜಾಗದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಾರೆ. ಅದು ಸುಳ್ಳಲ್ಲ. ಆದರೆ ಔಷಧಗಳನ್ನು ಕೂಡಿಸಿ ಕೊಡುವ ವಿದ್ಯೆ ಹುಟ್ಟಿದ್ದು ಗುಣಪಡಿಸುತ್ತೇವೆಂಬ ಹುಮ್ಮಸ್ಸಿನಿಂದಲ್ಲ, ಇನ್ನೆರಡು ತಿಂಗಳು ಸಿಕ್ಕರೆ ಸಾಕು ಎಂಬ ಲೆಕ್ಕದಿಂದ. ಆ ಲೆಕ್ಕ ಇವತ್ತಿಗೂ ಮುಗಿದಿಲ್ಲ. ದೊಡ್ಡ ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿರಿ ಎಂದು ಕಳಿಸಿದವರ ಚೀಟಿ ಬರುವುದು ನಮ್ಮಂಥ ಊರಿನ ಅಂಗಡಿಗೇ.

ಫಾರ್ಬರನ ಔಷಧದ ಬೇರು ಹುಡುಕುತ್ತ ಹೋದರೆ ಬಾಸ್ಟನ್ನಿಗಿಂತ ಮೊದಲು ಮುಂಬಯಿಯ ಪರಳ ಸಿಗುತ್ತದೆ. ಪರಳ ನಮಗೆ ಪರದೇಶವಲ್ಲ. ಸುರೇಬಾನ, ಮಣಿಹಾಳ, ರಾಮದುರ್ಗದ ಕುಣಿ ಮಗ್ಗಗಳಲ್ಲಿ ಹೊಟ್ಟೆ ತುಂಬದೆ ಹೋದಾಗ ಗಂಡಸರು ಸೊಲ್ಲಾಪುರಕ್ಕೆ, ಇಚಲಕರಂಜಿಗೆ, ಮುಂಬಯಿಯ ಗಿರಣಿಗಳಿಗೆ ಹೊರಟುಬಿಡುತ್ತಿದ್ದರು. ನನ್ನ ಕಾಕಾ ಒಬ್ಬರು ಹಾಗೆ ಪರಳದ ಗಿರಣಿ ಸೇರಿ, 1982ರ ಮುಷ್ಕರದ ನಂತರ ಒಂದು ಟ್ರಂಕಿನೊಂದಿಗೆ ತಿರುಗಿ ಬಂದರು. ಗಿರಣಿಯ ಭೋಂಗಾ, ಟಾಟಾ ದವಾಖಾನೆ, ಹಾಫ್‌ಕಿನ್ ಸಂಸ್ಥೆ, ಎಲ್ಲ ಒಂದೇ ಪೇಟೆಯಲ್ಲಿ ಇದ್ದವು ಎಂದು ಹೇಳುತ್ತಿದ್ದರು.

ಆ ಹಾಫ್‌ಕಿನ್ ಸಂಸ್ಥೆಗೆ 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಂದಳು. ಗಿರಣಿ ಕೆಲಸದ ಬಸುರಿ ಹೆಂಗಸರಲ್ಲಿ ವಿಪರೀತ ರಕ್ತಹೀನತೆ ಕಾಣುತ್ತಿತ್ತು. ಕೆಂಪು ಕಣಗಳು ಕಡಿಮೆಯಾಗಿ, ಇದ್ದವೂ ಹಿಗ್ಗಿದಂತೆ ಇರುತ್ತಿದ್ದವು. ವಿಲ್ಸ್ ಅವರ ಊಟ ನೋಡಿದಳು, ಇಲಿ, ಮಂಗಗಳ ಮೇಲೆ ಪ್ರಯೋಗ ನಡೆಸಿದಳು. ಕೊನೆಗೆ ಅಗ್ಗದ ಯೀಸ್ಟ್ ಸಾರವಾದ ಮಾರ್ಮೈಟ್ ತಿನ್ನಿಸಿದಾಗ ಆ ಹೆಂಗಸರ ರಕ್ತ ತುಂಬಿಕೊಂಡಿತು. 1931ರಲ್ಲಿ ಇದನ್ನು ಪ್ರಕಟಿಸಿದಳು. ಅದರೊಳಗಿನ ಸತ್ವ ಯಾವುದೆಂದು ಗೊತ್ತಾಗಲು ಹತ್ತು ವರ್ಷವಾಯಿತು. 1941ರಲ್ಲಿ ಅಮೆರಿಕದವರು ರಾಶಿ ರಾಶಿ ಪಾಲಕ ಸೊಪ್ಪು ಅರೆದು ಅದನ್ನು ಬೇರ್ಪಡಿಸಿ ಫೋಲಿಕ್ ಆಸಿಡ್ ಎಂದು ಹೆಸರಿಟ್ಟರು. 1945ರ ಹೊತ್ತಿಗೆ ಲೆಡರ್ಲೆ ಕಂಪನಿಯಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಯಜಮಾನ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ತೆಲುಗಿನವ, ಯೆಲ್ಲಾಪ್ರಗಡ ಸುಬ್ಬರಾವ್.

ರಕ್ತ ಹೆಚ್ಚಿಸುವ ಈ ಸತ್ವ ರಕ್ತ ಕ್ಯಾನ್ಸರಿಗೂ ಒಳ್ಳೆಯದಾದೀತೆಂದು ಫಾರ್ಬರ್ ಅದರ ರೂಪಗಳನ್ನು ಮಕ್ಕಳಿಗೆ ಕೊಟ್ಟುನೋಡಿದ. ರೋಗ ಇನ್ನೂ ಜೋರಾಗುತ್ತಿರುವಂತೆ ಕಂಡಿತು. ಹಾಗಾದರೆ ಆ ಸತ್ವವನ್ನೇ ತಡೆದರೆ? ಸುಬ್ಬರಾವ್ ತಂಡದ ಬಳಿ ಫೋಲಿಕ್ ಆಸಿಡ್ಡಿನ ವೇಷ ಹಾಕಿ ಅದರ ಜಾಗದಲ್ಲಿ ಕೂತು, ಅದರ ಕೆಲಸ ಕೆಡಿಸುವ ರಾಸಾಯನಿಕಗಳಿದ್ದವು. ಅಮೈನಾಪ್ಟೆರಿನ್ ಅಂಥದ್ದೊಂದು. ಅದರ ತಮ್ಮನೇ ಮೆಥೊಟ್ರೆಕ್ಸೇಟ್. ಫಾರ್ಬರನ ಲೇಖನ ಬಂದ ಎರಡು ತಿಂಗಳಿಗೆ, 1948ರ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು.

ನನ್ನ ಅಂಗಡಿಯಲ್ಲಿ ಫೋಲಿಕ್ ಆಸಿಡ್, ಮೆಥೊಟ್ರೆಕ್ಸೇಟ್‌ಗಳ ಜಗಳ ಪ್ರತಿದಿನ ಕಣ್ಣೆದುರು ಇರುತ್ತದೆ. 5 ಮಿಲಿಗ್ರಾಂ ಫೋಲಿಕ್ ಆಸಿಡ್ ಗುಳಿಗೆ ಹಳದಿ, ಸಣ್ಣದು, ದುಂಡಗೆ. 2.5 ಮಿಲಿಗ್ರಾಂ ಮೆಥೊಟ್ರೆಕ್ಸೇಟ್ ಗುಳಿಗೆಯೂ ಹಳದಿ, ಸಣ್ಣದು, ದುಂಡಗೆ. ಒಂದು ಬಸುರಿಯರಿಗೆ ಕೊಡುವಂಥದ್ದು, ಇನ್ನೊಂದು ಬಸುರಿಯರು ಹತ್ತಿರ ಸುಳಿಯಬಾರದ್ದು. ಸಂಧಿವಾತದವರಿಗೆ ಎರಡನ್ನೂ ಬರೆಯುತ್ತಾರೆ, ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಓದು ಬಾರದ ಮುದುಕಿ ಬಣ್ಣ ನೋಡಿ ದಿನಾ ನುಂಗಿಬಿಟ್ಟರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಬರುತ್ತದೆ. ಅದಕ್ಕೆ ನಾನು ಎರಡನ್ನೂ ಒಂದೇ ಕಪಾಟಿನಲ್ಲಿ ಇಡುವುದಿಲ್ಲ. ಮೆಥೊಟ್ರೆಕ್ಸೇಟ್ ಪಾಕೀಟಿನ ಮೇಲೆ ಕೆಂಪು ಶಾಯಿಯಲ್ಲಿ ವಾರದ ಹೆಸರು ಬರೆಯದೆ ಕೊಟ್ಟಿದ್ದೂ ಇಲ್ಲ.

ಒಂದು ಔಷಧ ಕೆಲ ತಿಂಗಳಿಗೆ ಸೋಲುತ್ತದೆ ಎಂದು ಗೊತ್ತಾದ ಮೇಲೆ ಎರಡನೆಯದರ ಹುಡುಕಾಟ ಶುರುವಾಯಿತು. 1950ರ ಸುಮಾರಿಗೆ ಕಾರ್ಟಿಸೋನ್ ಬಂತು, ಆಮೇಲೆ ಪ್ರೆಡ್ನಿಸೋನ್. ಸ್ಟೆರಾಯ್ಡ್ ಕೊಟ್ಟರೆ ಮಕ್ಕಳ ರಕ್ತದಲ್ಲಿನ ಕೆಟ್ಟ ಕಣ ಬೇಗ ಕರಗುತ್ತಿದ್ದವು, ಹಸಿವಾಗುತ್ತಿತ್ತು, ಆದರೆ ಅಷ್ಟೇ ಬೇಗ ಪರಿಣಾಮ ತೀರುತ್ತಿತ್ತು. 1953ರಲ್ಲಿ ಬಂದ ಮರ್ಕ್ಯಾಪ್ಟೊಪ್ಯೂರಿನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬರೋಸ್ ವೆಲ್ಕಮ್ ಕಂಪನಿಯಲ್ಲಿ ಜಾರ್ಜ್ ಹಿಚಿಂಗ್ಸ್ ಕೈಕೆಳಗೆ ಇದನ್ನು ತಯಾರಿಸಿದ ಗರ್ಟ್ರೂಡ್ ಎಲಿಯನ್ ಪಿಎಚ್‌ಡಿ ಮಾಡದಿದ್ದ ರಸಾಯನಶಾಸ್ತ್ರಜ್ಞೆ. ಹದಿನೈದರ ವಯಸ್ಸಿನಲ್ಲಿ ಅಜ್ಜ ಹೊಟ್ಟೆಯ ಕ್ಯಾನ್ಸರಿನಿಂದ ನರಳಿ ಸತ್ತದ್ದನ್ನು ನೋಡಿ ಈ ದಾರಿ ಹಿಡಿದವಳು. ಇಬ್ಬರಿಗೂ 1988ರಲ್ಲಿ ನೊಬೆಲ್ ಸಿಕ್ಕಿತು. ಹಿಂದೆ ಮೂರ್ನಾಲ್ಕು ತಿಂಗಳಲ್ಲಿ ಮುಗಿಯುತ್ತಿದ್ದ ಮಕ್ಕಳ ಆಯುಷ್ಯವನ್ನು ಈ ಗುಳಿಗೆ ವರ್ಷದ ಆಸುಪಾಸಿಗೆ ಎಳೆಯಿತು.

ಮರ್ಕ್ಯಾಪ್ಟೊಪ್ಯೂರಿನ್ ದೇಹದಲ್ಲಿ ಬೇಗ ನಾಶವಾಗುತ್ತದೆ. ಹಾಗೆ ನಾಶ ಮಾಡುವ ಕಿಣ್ವವನ್ನು ಕಟ್ಟಿಹಾಕಿದರೆ ಅದೇ ಗುಳಿಗೆ ಹೆಚ್ಚು ಕೆಲಸ ಮಾಡೀತೆಂದು ಎಲಿಯನ್, ಹಿಚಿಂಗ್ಸ್ ತಂಡ ಅಲೊಪ್ಯೂರಿನಾಲ್ ಎಂಬುದನ್ನು ಜೊತೆ ಸೇರಿಸಿ ನೋಡಿತು. ಔಷಧದ ಬಲ ಹೆಚ್ಚಿತು, ವಿಷವೂ ಅಷ್ಟೇ ಹೆಚ್ಚಿತು, ಲಾಭ ಉಳಿಯಲಿಲ್ಲ. ಆದರೆ ರೋಗಿಗಳ ಯೂರಿಕ್ ಆಸಿಡ್ ಇಳಿಯಿತು. ಕ್ಯಾನ್ಸರ್ ಔಷಧದ ಚಾಕರಿಗೆ ಬಂದಿದ್ದ ಅಲೊಪ್ಯೂರಿನಾಲ್ ಹೀಗೆ 1966ರಲ್ಲಿ ಗೌಟ್ ಎಂಬ ಸಂಧಿನೋವಿನ ಮದ್ದಾಗಿ ಸ್ವಂತ ಸಂಸಾರ ಹೂಡಿತು. ಇವತ್ತು ಯಾವ ಹಳ್ಳಿಯ ಅಂಗಡಿಯಲ್ಲಾದರೂ ಝೈಲೋರಿಕ್ ಎಂದು ಕೇಳಿದರೆ ಸಿಗುತ್ತದೆ. ಇವೆರಡು ಮತ್ತೆ ಒಂದೇ ಹೊಟ್ಟೆಯಲ್ಲಿ ಕೂಡಿದರೆ ಮರ್ಕ್ಯಾಪ್ಟೊಪ್ಯೂರಿನ್ ಪ್ರಮಾಣವನ್ನು ಕಾಲು ಭಾಗಕ್ಕೋ ಮೂರನೇ ಒಂದಕ್ಕೋ ಇಳಿಸಬೇಕು. ಈ ಮಾತು ಮುಂದೆ ಬರುತ್ತದೆ.

ಔಷಧಗಳನ್ನು ಒಂದಾದ ಮೇಲೊಂದು ಕೊಡುವ ಬದಲು ಒಟ್ಟಿಗೇ ಕೊಟ್ಟರೆ ಏನು ಎಂಬ ಧೈರ್ಯ ಬಂದದ್ದು ಕ್ಷಯರೋಗದಿಂದ. ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟರೆ ರೋಗಾಣು ಅದಕ್ಕೆ ಪಳಗಿಬಿಡುತ್ತದೆ, ಇನ್ನೊಂದು ಔಷಧ ಜೊತೆಗಿದ್ದರೆ ಪಳಗಲಾರದು ಎಂದು 1950ರ ಹೊತ್ತಿಗೆ ಬ್ರಿಟನ್ನಿನವರು ತೋರಿಸಿದ್ದರು. 1959ರಲ್ಲಿ ಮದ್ರಾಸಿನ ಸಂಶೋಧಕರು ಇನ್ನೂ ಮುಂದೆ ಹೋಗಿ, ಕೂಡು ಔಷಧ ಸರಿಯಾಗಿ ಕೊಟ್ಟರೆ ಬಡ ರೋಗಿ ಸ್ಯಾನಿಟೋರಿಯಂನಲ್ಲಿ ಇದ್ದಷ್ಟೇ ಚೆನ್ನಾಗಿ ತನ್ನ ಮನೆಯಲ್ಲೂ ಗುಣವಾಗುತ್ತಾನೆ ಎಂದು ಸಾಧಿಸಿದರು. ನೇಕಾರರ ಓಣಿಯಲ್ಲಿ ಬೆಳೆದ ನನಗೆ ಕ್ಷಯದ ಸೂಜಿ ಮತ್ತು ಗುಳಿಗೆಗಳ ಜೋಡಿ ಚಿಕ್ಕಂದಿನಿಂದ ಗೊತ್ತು. ರಕ್ತ ಕ್ಯಾನ್ಸರಿನ ಚೀಟಿ ಹಿಡಿದು ಬಂದವರು “ಕಾಕಾ, ಒಂದ ಬ್ಯಾನಿಗೆ ಇಷ್ಟ್ಯಾಕ್ರಿ ಗುಳಿಗಿ?” ಎಂದು ಕೇಳಿದಾಗ ನಾನು ಕ್ಷಯದ ಉದಾಹರಣೆಯನ್ನೇ ಕೊಡುತ್ತಿದ್ದೆ. ತಟ್ಟನೆ ತಿಳಿಯುತ್ತಿತ್ತು, ಯಾಕೆಂದರೆ ಮನೆಗೊಬ್ಬರು ಅದನ್ನು ಉಂಡವರೇ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಎಮಿಲ್ ಫ್ರೈ, ಎಮಿಲ್ ಫ್ರೈರೈಕ್ ಮೊದಲು ಮರ್ಕ್ಯಾಪ್ಟೊಪ್ಯೂರಿನ್, ಮೆಥೊಟ್ರೆಕ್ಸೇಟ್ ಜೋಡಿಯನ್ನು ಪರೀಕ್ಷಿಸಿ 1958ರಲ್ಲಿ ಫಲ ಪ್ರಕಟಿಸಿದರು. 1960ರ ದಶಕದ ಆರಂಭಕ್ಕೆ ನಾಲ್ಕನ್ನು ಕೂಡಿಸಿದರು: ವಿನ್‌ಕ್ರಿಸ್ಟಿನ್, ಮೆಥೊಟ್ರೆಕ್ಸೇಟ್, ಮರ್ಕ್ಯಾಪ್ಟೊಪ್ಯೂರಿನ್, ಪ್ರೆಡ್ನಿಸೋನ್. ಆಯ್ಕೆಯ ಹಿಂದಿನ ಯುಕ್ತಿ ಸರಳ. ಪ್ರತಿಯೊಂದೂ ಕಣವನ್ನು ಬೇರೆ ಕಡೆಯಿಂದ ಹೊಡೆಯಬೇಕು, ಪ್ರತಿಯೊಂದರ ತೊಂದರೆಯೂ ದೇಹದ ಬೇರೆ ಜಾಗದಲ್ಲಿ ಕಾಣಬೇಕು. ವಿನ್‌ಕ್ರಿಸ್ಟಿನ್ ನರಗಳನ್ನು ಜುಮುಗುಡಿಸುತ್ತದೆ, ಮೆಥೊಟ್ರೆಕ್ಸೇಟ್ ಬಾಯಿ ಹುಣ್ಣಾಗಿಸುತ್ತದೆ, ಪ್ರೆಡ್ನಿಸೋನ್ ಮುಖ ಊದಿಸುತ್ತದೆ. ಒಂದೇ ಅಂಗದ ಮೇಲೆ ಎಲ್ಲವೂ ಹೇರಿಕೊಳ್ಳುವುದಿಲ್ಲ. ಅಂದಹಾಗೆ ವಿನ್‌ಕ್ರಿಸ್ಟಿನ್ ಬರುವುದು ನಮ್ಮ ಹಿತ್ತಲಿನ ಸದಾಪುಷ್ಪ ಗಿಡದಿಂದ. ಇದನ್ನು ಕೇಳಿದವರು ಆ ಗಿಡದ ಎಲೆ ಜಗಿಯಲು ಹೊರಡುತ್ತಾರೆ, ಹಾಗಾಗಿ ಅಂಗಡಿಯಲ್ಲಿ ಈ ಮಾತು ನಾನು ಎತ್ತುವುದಿಲ್ಲ.

ಇನ್ನೊಂದು ಸಂಗತಿಯನ್ನು ಔಷಧದವರು ಮರೆತುಬಿಡುತ್ತಾರೆ. ಆ ಮಕ್ಕಳು ಬಹಳವಾಗಿ ಸಾಯುತ್ತಿದ್ದದ್ದು ರಕ್ತಸ್ರಾವದಿಂದ. ಫ್ರೈರೈಕ್ ತಾಜಾ ರಕ್ತದಲ್ಲಿರುವ ಪ್ಲೇಟ್‌ಲೆಟ್ ಏರಿಸಿ ಅದನ್ನು ನಿಲ್ಲಿಸಿ ತೋರಿಸಿದ. ಆ ಆಸರೆ ಇಲ್ಲದಿದ್ದರೆ ನಾಲ್ಕು ವಿಷ ಕೂಡಿಸುವ ಮಾತೇ ಇರಲಿಲ್ಲ. ಪ್ಲೇಟ್‌ಲೆಟ್ ಫ್ರಿಜ್ಜಿನಲ್ಲಿ ಇಡುವಂಥದ್ದಲ್ಲ, ಕೋಣೆಯ ತಂಪಿನಲ್ಲಿ ಅಲುಗಾಡಿಸುತ್ತಲೇ ಇಡಬೇಕು, ಐದು ದಿನಕ್ಕೆ ಕೆಡುತ್ತದೆ. ಹುಬ್ಬಳ್ಳಿ, ಬೆಳಗಾವಿಯಲ್ಲಿ ಸಿಕ್ಕೀತು. ಸುರೇಬಾನದಲ್ಲಿ ವಸಡಿನಿಂದ ರಕ್ತ ಸುರಿಯುವ ರೋಗಿಗೆ ನಾನು ಕೊಡಬಹುದಾದದ್ದು ವೈದ್ಯರು ಬರೆದ ಟ್ರಾನೆಕ್ಸಾಮಿಕ್ ಆಸಿಡ್ ಗುಳಿಗೆ ಮತ್ತು ಬಸ್ಸಿನ ವೇಳೆ.

ಆ ನಾಲ್ಕರ ಕೂಟದಿಂದಲೂ ಬಹಳ ಮಕ್ಕಳಿಗೆ ರೋಗ ಮರಳಿತು. ಕೆಟ್ಟ ಕಣಗಳು ಮಿದುಳಿನ ಪೊರೆಯಲ್ಲಿ ಅಡಗಿ ಕೂತಿದ್ದವು. ಮೆಂಫಿಸ್‌ನಲ್ಲಿ ಡೊನಾಲ್ಡ್ ಪಿಂಕೆಲ್ ಅಲ್ಲಿಗೂ ಚಿಕಿತ್ಸೆ ಮುಟ್ಟಿಸಿ 1960ರ ದಶಕದ ಕೊನೆಗೆ ಅರ್ಧದಷ್ಟು ಮಕ್ಕಳನ್ನು ಉಳಿಸಿದ. ನಮ್ಮ ದೇಶದಲ್ಲಿ 1984ರಿಂದ ಮುಂಬಯಿಯ ಟಾಟಾ, ಮದ್ರಾಸಿನ ಅಡಯಾರ್, ದಿಲ್ಲಿಯ ಏಮ್ಸ್ ಮೂರೂ ಕೂಡಿ, ಇಯಾನ್ ಮೆಗ್ರಾತ್ ಎಂಬಾತನ ಜೊತೆ, ನಮ್ಮ ಆಸ್ಪತ್ರೆಗಳಿಗೆ ಒಗ್ಗುವಂಥ ಎಂಸಿಪಿ 841 ಎಂಬ ಕ್ರಮ ಹಾಕಿಕೊಂಡವು. ಅಲ್ಲಿಂದ ಭಾರತದ ಮಕ್ಕಳ ಲೆಕ್ಕವೂ ಬದಲಾಯಿತು. ಈ ಕತೆಯನ್ನು ಇಷ್ಟಕ್ಕೇ ಬಿಡುತ್ತೇನೆ, ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ವಯಸ್ಸಾದವರ ತೀವ್ರ ಮೈಲಾಯ್ಡ್ ರಕ್ತ ಕ್ಯಾನ್ಸರಿಗೆ ಈ ಅದೃಷ್ಟ ಒದಗಲಿಲ್ಲ. 1973ರಲ್ಲಿ ಏಳು ದಿನ ಸೈಟರಬಿನ್, ಮೂರು ದಿನ ಡೌನೊರುಬಿಸಿನ್ ಕೊಡುವ ಕ್ರಮ ಬಂತು, ಬಹಳ ಕಡೆ ಇಂದಿಗೂ ಅದೇ ಅಡಿಪಾಯ. ಒಂದು ಸಮುದ್ರದ ಸ್ಪಂಜಿನ ಸುಳಿವಿನಿಂದ ಹುಟ್ಟಿದ್ದು, ಇನ್ನೊಂದು ಇಟಲಿಯ ಹಳೇ ಕೋಟೆಯೊಂದರ ಹತ್ತಿರದ ಮಣ್ಣಿನ ಸೂಕ್ಷ್ಮಜೀವಿಯದು. ಎಲುಬಿನ ಮಜ್ಜೆಯನ್ನು ಬರಿದು ಮಾಡಿ ಮತ್ತೆ ಚಿಗುರುವವರೆಗೆ ಕಾಯುವ ಚಿಕಿತ್ಸೆ ಇದು. ಗಟ್ಟಿ ಮೈಯವರು ತಡೆದಾರು. ಎಪ್ಪತ್ತರ ಮುದುಕ ರೋಗಕ್ಕಿಂತ ಮೊದಲು ಚಿಕಿತ್ಸೆಯಿಂದಲೇ ಹೋಗಬಹುದು.

ನಮ್ಮ ಕಡೆ ದೊಡ್ಡ ಬ್ಯಾನಿ ಎಂದರೆ ಹಿಂದೆಲ್ಲ ಬಾಯಿಗೆ ಬರುತ್ತಿದ್ದ ಹೆಸರು ಮಿರಜ. ವಾನ್‌ಲೆಸ್ ಸಾಹೇಬರ ಮಿಷನ್ ದವಾಖಾನೆ 1894ರಷ್ಟು ಹಳೆಯದು. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದರೂ ರೋಗಿಗಳ ದಾರಿ ಬಹುಕಾಲ ಮಿರಜ, ಮುಂಬಯಿ ಕಡೆಗೇ ಇತ್ತು. ಮೆಲ್ಲಗೆ ಹುಬ್ಬಳ್ಳಿಯ ಕೆಎಂಸಿ, ಬೆಳಗಾವಿಯ ಜೆಎನ್‌ಎಂಸಿ, ಡಾ. ಆರ್.ಬಿ. ಪಾಟೀಲರು ಹುಬ್ಬಳ್ಳಿ ನವನಗರದಲ್ಲಿ ಕಟ್ಟಿದ ಕ್ಯಾನ್ಸರ್ ಆಸ್ಪತ್ರೆ, 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ, ಹೀಗೆ ದಿಕ್ಕು ತಿರುಗಿತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬರುವವರೆಗೂ ಹೊಲ ಒತ್ತೆ ಇಡದೆ ಕ್ಯಾನ್ಸರಿಗೆ ಹೋದ ಬಡವರನ್ನು ನಾನು ಕಂಡಿಲ್ಲ.

ತೊಂಬತ್ತರ ದಶಕದಲ್ಲಿ ನಮ್ಮ ಓಣಿಯ ಹಿರಿಯ ನೇಕಾರರೊಬ್ಬರಿಗೆ ಇದೇ ತೀವ್ರ ಮೈಲಾಯ್ಡ್ ರಕ್ತ ಕ್ಯಾನ್ಸರ್ ಬಂತು. ಪೂರ್ತಿ ಚಿಕಿತ್ಸೆ ತಡೆಯುವುದಿಲ್ಲ ಎಂದು ಹುಬ್ಬಳ್ಳಿಯ ವೈದ್ಯರು ನೇರವಾಗಿ ಹೇಳಿ ಗುಳಿಗೆ ಬರೆದು ಕಳಿಸಿದ್ದರು. ಬಿಳಿ ಕಣ ಏರದಂತೆ ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲು, ಮರ್ಕ್ಯಾಪ್ಟೊಪ್ಯೂರಿನ್ 50 ಮಿಲಿಗ್ರಾಂ ದಿನಕ್ಕೊಂದು, ಪ್ರೆಡ್ನಿಸೊಲೋನ್. ಮಗ ಚೀಟಿ ಚಾಚಿದ. ಅಪ್ಪನ ಹಳೇ ಗುಳಿಗೆಗಳನ್ನೂ ಒಂದು ಸಲ ತೋರಿಸಪ್ಪಾ ಎಂದೆ. ಚೀಲದಿಂದ ಹೊರಬಂದದ್ದರಲ್ಲಿ ಅಲೊಪ್ಯೂರಿನಾಲ್ ಪಟ್ಟಿಯಿತ್ತು, ಮೊಳಕಾಲು ನೋವಿಗೆ ಬೇರೆ ಯಾರೋ ಬರೆದದ್ದು. ಹುಬ್ಬಳ್ಳಿಯವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಆ ವೈದ್ಯರಿಗೆ ಫೋನು ಹಚ್ಚಿದೆ. ಯೂರಿಕ್ ಆಸಿಡ್ ಕಾರಣಕ್ಕೆ ಅಲೊಪ್ಯೂರಿನಾಲ್ ಇರಲಿ, ಮರ್ಕ್ಯಾಪ್ಟೊಪ್ಯೂರಿನ್ ಕಾಲು ಭಾಗಕ್ಕೆ ಇಳಿಸಿರಿ ಎಂದರು. ಗುಳಿಗೆಯನ್ನು ನಾಲ್ಕು ಚೂರು ಮಾಡಿದರೆ ಪುಡಿಯಾಗುತ್ತದೆ. ದಿನ ಬಿಟ್ಟು ದಿನ ಅರ್ಧ ಗುಳಿಗೆ ಎಂದು ಅವರೇ ಲೆಕ್ಕ ಹೇಳಿದರು. ಓದು ಬಾರದ ಹೆಂಡತಿಗಾಗಿ ನಾನು ಕ್ಯಾಲೆಂಡರಿನಲ್ಲಿ ಒಂದು ಮನೆ ಬಿಟ್ಟು ಒಂದು ಮನೆಗೆ ಗುಂಡು ಹಾಕಿಕೊಟ್ಟೆ.

“ಇದರಾಗ ಆರಾಮ ಆಕ್ಕೈತೇನೋ ತಮ್ಮಾ?” ಎಂದು ಹಿರಿಯರು ಕೇಳಿದರು. “ಪೂರಾ ಆಗೂದಿಲ್ರಿ ಅಪ್ಪಾರ. ಜ್ವರ, ನೋವು ಹಿಡೀತೈತಿ” ಎಂದೆ. ಸುಳ್ಳು ಹೇಳುವ ಪ್ರಾಯ ಅವರದಲ್ಲ, ನನ್ನದೂ ಅಲ್ಲ. ಮಳೆಗಾಲದಲ್ಲಿ ಶುರುವಾದ ಗುಳಿಗೆ ಹಿಂಗಾರಿ ಜೋಳ ಕೊಯ್ಯುವವರೆಗೆ ನಡೆಯಿತು. ನಡುವೆ ಎರಡು ಸಲ ಹುಬ್ಬಳ್ಳಿಗೆ ಹೋಗಿ ರಕ್ತ ಏರಿಸಿಕೊಂಡು ಬಂದರು. ಶಬರಿಕೊಳ್ಳಕ್ಕೆ ಚಕ್ಕಡಿಯಲ್ಲಿ ಹೋಗಿಬಂದರು, ತಮ್ಮನೊಂದಿಗಿದ್ದ ಮನೆ ಹಿಸ್ಸೆಯ ತಕರಾರು ಬಾಯಿ ಮಾಡಿಯೇ ಬಗೆಹರಿಸಿದರು, ಮಗ ಒತ್ತುವ ಹೊಕ್ಕು ಸಡಿಲವಾಯಿತೆಂದು ಕಟ್ಟೆಯ ಮೇಲಿಂದ ಬೈಯುತ್ತಿದ್ದರು. ಕೊನೆಯ ವಾರಗಳಲ್ಲಿ ಎಲುಬು ನೋವು ತಡೆಯಲಾಗಲಿಲ್ಲ. ಆಗ ಬೇಕಿದ್ದದ್ದು ಮಾರ್ಫಿನ್.

ಅದು ಸಿಗಲಿಲ್ಲ. 1985ರ ಮಾದಕ ವಸ್ತು ಕಾಯ್ದೆ ಕಳ್ಳಸಾಗಣೆಯವರಿಗೆಂದು ಬಂದದ್ದು, ಪೆಟ್ಟು ಬಿದ್ದದ್ದು ಹಾಸಿಗೆ ಹಿಡಿದವರಿಗೆ. ಒಂದರ ಮೇಲೊಂದು ಪರವಾನಗಿ, ಅವಧಿ ತಪ್ಪಿದರೆ ಜೈಲಿನ ಭಯ. ಆಸ್ಪತ್ರೆಗಳೇ ಕೈಬಿಟ್ಟ ಮೇಲೆ ಹಳ್ಳಿ ಅಂಗಡಿಯ ಮಾತೆಲ್ಲಿ? 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ನೋವು ಶಮನದ ಸಂಘ ಕಟ್ಟಿದರು, ಬೆಂಗಳೂರಿನಲ್ಲಿ ಕೊನೆಗಾಲದ ರೋಗಿಗಳಿಗೆಂದು ಕರುಣಾಶ್ರಯ ಎದ್ದಿತು, 2014ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ಗಂಟು ಸ್ವಲ್ಪ ಸಡಿಲವಾಯಿತು. ರಕ್ತ ಕ್ಯಾನ್ಸರಿನ ಕೂಡು ಔಷಧಗಳ ಪಟ್ಟಿ ಬರೆಯುವವರು ಮಾರ್ಫಿನ್ನನ್ನು ಅದರಲ್ಲಿ ಸೇರಿಸುವುದಿಲ್ಲ. ನಾನಾದರೆ ಮೊದಲ ಸಾಲಿನಲ್ಲೇ ಸೇರಿಸುತ್ತೇನೆ.

ಉಪಶಮನಕ್ಕೆ ಕೊಡುವ ಔಷಧವೆಂದರೆ ಏನಾದರೊಂದು ಕೊಟ್ಟು ಸಮಾಧಾನ ಮಾಡುವುದು ಎಂದು ತಿಳಿದ ವೈದ್ಯರು ಬಹಳ ಕಾಲ ಇದ್ದರು. ಅದನ್ನು ಪರೀಕ್ಷೆಗೆ ಹಚ್ಚಿದ್ದು ಬ್ರಿಟನ್ನಿನವರು. ದೊಡ್ಡ ಚಿಕಿತ್ಸೆ ತಡೆಯಲಾರದ ವೃದ್ಧರಲ್ಲಿ ಒಂದು ಗುಂಪಿಗೆ ಹೈಡ್ರಾಕ್ಸಿಯೂರಿಯಾ, ಇನ್ನೊಂದಕ್ಕೆ ಸೈಟರಬಿನ್ ಅತಿ ಕಡಿಮೆ ಪ್ರಮಾಣದಲ್ಲಿ, 20 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಹತ್ತು ದಿನ, ಚರ್ಮದ ಕೆಳಗೆ ಸೂಜಿ. 2007ರಲ್ಲಿ ಬಂದ ಫಲ: ಸೈಟರಬಿನ್ ಗುಂಪಿನಲ್ಲಿ ನೂರಕ್ಕೆ 18 ಮಂದಿಯ ರೋಗ ಪೂರ್ತಿ ಅಡಗಿತು, ಹೈಡ್ರಾಕ್ಸಿಯೂರಿಯಾದಲ್ಲಿ ನೂರಕ್ಕೆ ಒಬ್ಬರದು. ಆ ಸೂಜಿಯನ್ನು ಊರಿನ ನರ್ಸಮ್ಮ ಮನೆಗೆ ಬಂದು ಹಾಕಬಲ್ಲಳು.

2020ರಲ್ಲಿ ಇನ್ನೊಂದು ಜೋಡಿ ಗೆದ್ದಿತು. ಇಂಥ ಹಿರಿಯರಿಗೇ ಅಜಾಸಿಟಿಡಿನ್ ಸೂಜಿಯ ಜೊತೆ ವೆನೆಟೊಕ್ಲಾಕ್ಸ್ ಗುಳಿಗೆ. ಸೂಜಿ ಮಾತ್ರ ಪಡೆದವರಲ್ಲಿ ಅರ್ಧ ಜನ 9.6 ತಿಂಗಳು ದಾಟಿದರು, ಎರಡನ್ನೂ ಪಡೆದವರಲ್ಲಿ ಅರ್ಧ ಜನ 14.7 ತಿಂಗಳು ದಾಟಿದರು. ಅಂತರ ಐದು ತಿಂಗಳು, ಕಾರಹುಣ್ಣಿಮೆಯಿಂದ ದೀಪಾವಳಿಯಾಚೆಗೆ. ಫಾರ್ಬರನ ಕಾಲದಿಂದ ಎಪ್ಪತ್ತು ವರ್ಷ ದಾಟಿಯೂ ತಿಂಗಳುಗಳಲ್ಲೇ ಅಳೆಯುತ್ತಿದ್ದೇವೆ ಎಂದು ನನ್ನ ಮಗಳು ಮೂಗು ಮುರಿದಳು. ಅವಳು ಬಿ.ಫಾರ್ಮಾ ಓದಿದವಳು, ಈಗ ಅಂಗಡಿ ಅವಳ ಕೈಯಲ್ಲಿದೆ. ಯಾರ ಐದು ತಿಂಗಳು ಎಂಬುದರ ಮೇಲೆ ಹೋಗುತ್ತದೆ ಎಂದು ನಾನು ವಾದಿಸಿದೆ. ಇಬ್ಬರೂ ಒಪ್ಪಲಿಲ್ಲ.

ಆದರೆ ಒಂದು ವಿಷಯದಲ್ಲಿ ಅವಳು ನನಗಿಂತ ಗಟ್ಟಿ. ವೆನೆಟೊಕ್ಲಾಕ್ಸ್ ತೆಗೆದುಕೊಳ್ಳುವವರಿಗೆ ಶಿಲೀಂಧ್ರ ಸೋಂಕಿನ ಗುಳಿಗೆಗಳಲ್ಲಿ ಕೆಲವು ಜೊತೆಯಾದರೆ ರಕ್ತದಲ್ಲಿ ಅದರ ಪ್ರಮಾಣ ಏರಿಬಿಡುತ್ತದೆ. ಹಾಗಾಗಿ ವೈದ್ಯರು ದಿನದ ಪ್ರಮಾಣವನ್ನು ಬಹಳ ಕೆಳಗೆ ಇಳಿಸಿ ಬರೆಯುತ್ತಾರೆ, ದುಬಾರಿ ಗುಳಿಗೆಯ ಖರ್ಚೂ ಅಷ್ಟು ತಗ್ಗುತ್ತದೆ. ಜೊತೆಗಿನ ಗುಳಿಗೆ ನಡುವೆ ನಿಂತರೆ ಲೆಕ್ಕವೆಲ್ಲ ತಪ್ಪುತ್ತದೆ. ಕ್ಯಾನ್ಸರ್ ಚೀಟಿ ಬಂದ ಕೂಡಲೆ ಅವಳು ದುಡ್ಡಿನ ಮಾತಿಗಿಂತ ಮೊದಲು ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ, ನಾಟಿ ಔಷಧದ ಪುಡಿ ಸಮೇತ, ತಂದು ಕೌಂಟರಿನ ಮೇಲೆ ಸುರಿಯಿರಿ ಎನ್ನುತ್ತಾಳೆ. ಕೆಲವರು ಸಿಟ್ಟಾಗಿ ರಾಮದುರ್ಗದ ಅಂಗಡಿಗೆ ಹೋಗುತ್ತಾರೆ. ಹೋಗಲಿ ಬಿಡು ಎಂದರೆ ನನ್ನ ಮೇಲೂ ಸಿಟ್ಟಾಗುತ್ತಾಳೆ.